ವ್ಯಾನಿಗಿಂತ ಮೊದಲು ಪ್ಲಗ್ ನೋಡಿ: ಲಂಡನ್ನಿನ ಕನ್ನಡಿಗ ವ್ಯಾಪಾರಿಗಳಿಗೆ ಒಂದು ಬಹಿರಂಗ ಪತ್ರ

ಲಂಡನ್ ಮತ್ತು ಸುತ್ತಮುತ್ತ ವ್ಯಾನ್ ನಂಬಿಕೊಂಡು ದುಡಿಯುತ್ತಿರುವ ಕನ್ನಡಿಗ ಬಂಧುಗಳೇ,

ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿ ಸಾಗಿಸುವವರು, ಸಗಟಿನಲ್ಲಿ ದಿನಸಿ ತಂದು ಅಂಗಡಿ ಅಂಗಡಿಗೆ ಹಾಕುವವರು, ಮನೆ ಸಾಮಾನು ಸಾಗಿಸುವವರು, ಗುತ್ತಿಗೆಯ ಮೇಲೆ ಪಾರ್ಸೆಲ್ ಹಂಚುವವರು, ನಿಮ್ಮೆಲ್ಲರಿಗೂ ಸೇರಿ ಈ ಪತ್ರ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವುದು ನನ್ನ ಕಸುಬು. ಈಚೆಗೆ ನನ್ನ ಎದುರು ಬಂದು ಕೂರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಸಾರ್, ಫೋರ್ಡ್ ಇ-ಟ್ರಾನ್ಸಿಟ್ ತಗೊಳ್ಳಲೋ, ಮರ್ಸಿಡಿಸ್ ಇ-ಸ್ಪ್ರಿಂಟರ್ ತಗೊಳ್ಳಲೋ? ಯಾವುದು ಜಾಸ್ತಿ ದೂರ ಓಡುತ್ತೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ ಎಲ್ಲರೂ ಓದುವಂತೆ ಬರೆಯುವುದೇ ಮೇಲು ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ತುಂಬಿಸಿದರೆ ಹೆಚ್ಚು ದೂರ ಓಡುವುದು ಮರ್ಸಿಡಿಸ್. ಬೇಗ ತುಂಬಿಕೊಳ್ಳುವುದು ಫೋರ್ಡ್. ಆದರೆ ನಿಮ್ಮಲ್ಲಿ ಹೆಚ್ಚಿನವರ ಜೇಬಿಗೆ ಈ ಎರಡೂ ಸಂಗತಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ರಾತ್ರಿ ನಿಮ್ಮ ವ್ಯಾನ್ ಎಲ್ಲಿ ನಿಲ್ಲುತ್ತದೆ, ಅಲ್ಲಿನ ಪ್ಲಗ್ ಬೆಳಗಾಗುವುದರೊಳಗೆ ಎಷ್ಟು ಕರೆಂಟು ಕೊಡುತ್ತದೆ ಎನ್ನುವುದು. ಯಾಕೆ ಎಂದು ಅಂಕಿ ಇಟ್ಟೇ ತೋರಿಸುತ್ತೇನೆ.

ಈ ಪ್ರಶ್ನೆ ಈಗ ಯಾಕೆ ಎದ್ದಿದೆ ಎಂಬುದು ನಿಮಗೆ ಗೊತ್ತೇ ಇದೆ. ನಡು ಲಂಡನ್ನಿನ ಕಂಜೆಷನ್ ಚಾರ್ಜ್ 2026ರ ಜನವರಿ 2ರಿಂದ ದಿನಕ್ಕೆ 18 ಪೌಂಡ್ ಆಗಿದೆ. 2025ರ ಡಿಸೆಂಬರ್‌ವರೆಗೆ ಎಲೆಕ್ಟ್ರಿಕ್ ಗಾಡಿಗೆ ಪೂರ್ತಿ ಮಾಫಿ ಇತ್ತು. ಈಗ ಎಲೆಕ್ಟ್ರಿಕ್ ವ್ಯಾನಿಗೆ, ಅದೂ ಆಟೋ ಪೇ ಮಾಡಿಸಿಕೊಂಡವರಿಗೆ, ಅರ್ಧ ರಿಯಾಯಿತಿ. ದೊಡ್ಡ ಎಲೆಕ್ಟ್ರಿಕ್ ವ್ಯಾನ್ ಕೊಂಡರೆ ಸರ್ಕಾರದ ಸಹಾಯಧನ 5,000 ಪೌಂಡ್‌ವರೆಗೆ ಸಿಗುತ್ತದೆ. ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳಲ್ಲೂ ಯುಲೆಜ್ ಎಂಬ ಹೊಗೆ ಸುಂಕದ ದಿನಕ್ಕೆ 12.50 ಪೌಂಡ್ ಬರೆ. ಹೀಗೆ ಒಂದು ಕಡೆಯಿಂದ ತಳ್ಳಿ, ಇನ್ನೊಂದು ಕಡೆಯಿಂದ ಎಳೆಯುವ ಹೊತ್ತಿನಲ್ಲಿ ಆತುರ ಬೀಳುವುದು ಸಹಜ. ಆತುರದಲ್ಲಿ ಕಣ್ಣಿಗೆ ಬೀಳುವುದು ಕಂಪನಿಯವರು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಮೈಲಿಯ ಅಂಕಿ ಮಾತ್ರ.

ಆ ಅಂಕಿಯಿಂದಲೇ ಶುರು ಮಾಡೋಣ. ಲೆಕ್ಕದುದ್ದಕ್ಕೂ ನಾನು ಯೂನಿಟ್ ಎನ್ನುವುದು ಬೆಸ್ಕಾಂ ಬಿಲ್ಲಿನಲ್ಲಿ ನೀವು ಕಂಡ ಅದೇ ಯೂನಿಟ್ಟು, ಒಂದು ಕಿಲೋವ್ಯಾಟ್-ಅವರ್. ಇ-ಟ್ರಾನ್ಸಿಟ್ ಮೊದಲು ಬಂದದ್ದು 68 ಯೂನಿಟ್ ಹಿಡಿಯುವ ಬ್ಯಾಟರಿಯೊಂದಿಗೆ. ಆಮೇಲೆ 89 ಯೂನಿಟ್ಟಿನ ದೊಡ್ಡ ಬ್ಯಾಟರಿಯೂ ಬಂತು. ದೊಡ್ಡದಕ್ಕೆ ಕಂಪನಿ ಹೇಳುವ ದೂರ 402 ಕಿಲೋಮೀಟರ್‌ವರೆಗೆ, ಅಂದರೆ 249 ಮೈಲಿ. ಎರಡನೇ ತಲೆಮಾರಿನ ಇ-ಸ್ಪ್ರಿಂಟರ್ 2023ರಲ್ಲಿ 56, 81, 113 ಯೂನಿಟ್ಟಿನ ಮೂರು ಬ್ಯಾಟರಿಗಳ ಆಯ್ಕೆಯೊಂದಿಗೆ ಬಂತು. 113ರದಕ್ಕೆ ಆಗ ಕಂಪನಿ ಹೇಳಿದ್ದು 440 ಕಿಲೋಮೀಟರ್‌ವರೆಗೆ, ಸುಮಾರು 273 ಮೈಲಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮರ್ಸಿಡಿಸ್‌ನ ಬ್ಯಾಟರಿ ಫೋರ್ಡಿನದಕ್ಕಿಂತ ಕಾಲು ಭಾಗದಷ್ಟು ದೊಡ್ಡದು, ಆದರೆ ಓಡುವ ದೂರ ಹತ್ತನೇ ಒಂದು ಭಾಗದಷ್ಟೇ ಹೆಚ್ಚು. ಭಾಗಿಸಿ ನೋಡಿದರೆ ಫೋರ್ಡ್ ಒಂದು ಯೂನಿಟ್ಟಿಗೆ 2.8 ಮೈಲಿ, ಮರ್ಸಿಡಿಸ್ 2.4 ಮೈಲಿ. ದೊಡ್ಡ ಬ್ಯಾಟರಿಯನ್ನು ಹೊರುವುದಕ್ಕೂ ಕರೆಂಟು ಬೇಕಲ್ಲ.

ಇನ್ನೊಂದು ಮಾತು. ಈ ಅಂಕಿಗಳು ಡಬ್ಲ್ಯುಎಲ್‌ಟಿಪಿ ಪರೀಕ್ಷೆಯವು. ಆ ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯ ರೋಲರ್ ಮೇಲೆ, 23 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ, ಹೀಟರ್ ಹಾಕದೆ, ಸರಾಸರಿ ಗಂಟೆಗೆ 50 ಕಿಲೋಮೀಟರ್‌ಗೂ ಕಡಿಮೆ ವೇಗದಲ್ಲಿ. ಲಂಡನ್ನಿನಲ್ಲಿ 23 ಡಿಗ್ರಿ ವರ್ಷಕ್ಕೆ ಎಷ್ಟು ದಿನ ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎತ್ತರದ ಡಬ್ಬಿಯಂಥ ವ್ಯಾನ್ ಮೋಟರ್‌ವೇಯಲ್ಲಿ 70 ಮೈಲಿ ವೇಗದಲ್ಲಿ ಗಾಳಿ ಸೀಳಿಕೊಂಡು ಹೋಗುವಾಗ ಕರೆಂಟು ಖರ್ಚಾಗುವ ರೀತಿಯೇ ಬೇರೆ. ಹಾಗಾಗಿ ಮೋಟರ್‌ವೇ ಲೆಕ್ಕಕ್ಕೆ ಎರಡೂ ವ್ಯಾನಿಗೆ ಯೂನಿಟ್ಟಿಗೆ 2 ಮೈಲಿ, ಚಳಿಗಾಲಕ್ಕೆ 1.6 ಮೈಲಿ ಎಂದು ಹಿಡಿಯುತ್ತೇನೆ. ಎರಡಕ್ಕೂ ಒಂದೇ ಅಂಕಿ ಹಿಡಿದರೆ ಮರ್ಸಿಡಿಸ್‌ಗೆ ಸ್ವಲ್ಪ ರಿಯಾಯಿತಿ ತೋರಿಸಿದಂತೆಯೇ. ತೋರಿಸಿಯೇ ನೋಡೋಣ.

ಈಗ ತುಂಬಿಸುವ ವಿಚಾರ. ಇದರಲ್ಲಿ ಎರಡು ಬಗೆ. ಮನೆಯಲ್ಲಿ, ಗೋಡೌನಿನಲ್ಲಿ ಕೊಡುವುದು ಎಸಿ ಕರೆಂಟು. ಅದನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಬದಲಾಯಿಸುವ ಸಾಧನ ವ್ಯಾನಿನ ಒಳಗೇ ಕೂತಿರುತ್ತದೆ, ಅದರ ಶಕ್ತಿಗೆ ಒಂದು ಮಿತಿ ಇದೆ. ರಸ್ತೆ ಬದಿಯ ದೊಡ್ಡ ಚಾರ್ಜರುಗಳಲ್ಲಿ ಆ ಬದಲಾವಣೆ ಹೊರಗೇ ಮುಗಿದು ಡಿಸಿ ನೇರವಾಗಿ ಬ್ಯಾಟರಿಗೆ ಇಳಿಯುತ್ತದೆ.

ಎಸಿಯಲ್ಲಿ 89 ಯೂನಿಟ್ಟಿನ ಫೋರ್ಡ್ 22 ಕಿಲೋವ್ಯಾಟ್‌ವರೆಗೆ ಎಳೆದುಕೊಳ್ಳಬಲ್ಲದು, ಮರ್ಸಿಡಿಸ್ 11 ಕಿಲೋವ್ಯಾಟ್. ಕಾಗದದ ಮೇಲೆ ಫೋರ್ಡ್ ಎರಡರಷ್ಟು ಚುರುಕು. ಆದರೆ ಈ ದೇಶದ ಸಾಮಾನ್ಯ ಮನೆಗೆ ಬರುವುದು ಸಿಂಗಲ್ ಫೇಸ್ ಕರೆಂಟು. 230 ವೋಲ್ಟ್, 32 ಆಂಪ್‌ನ ಮನೆ ಚಾರ್ಜರ್ ಕೊಡುವುದು 7.4 ಕಿಲೋವ್ಯಾಟ್. 22 ಆಗಲಿ 11 ಆಗಲಿ ಬೇಕೆಂದರೆ ತ್ರೀ ಫೇಸ್ ಇರಬೇಕು. ಸ್ಲೌದಲ್ಲೋ ಹ್ಯಾರೋದಲ್ಲೋ ನಿಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತ ಎರಡೂ ವ್ಯಾನಿಗೆ ದಕ್ಕುವುದು ಅದೇ 7.4. ಖಾಲಿ ಫೋರ್ಡ್ ತುಂಬಲು ನಷ್ಟವೂ ಸೇರಿ ಸುಮಾರು 13 ಗಂಟೆ, ಖಾಲಿ ಮರ್ಸಿಡಿಸ್ ತುಂಬಲು 17 ಗಂಟೆ ಬೇಕು. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಡುವವರಿಗೆ ಸಿಗುವುದು ಹತ್ತು ಗಂಟೆ. ಹತ್ತು ಗಂಟೆಯಲ್ಲಿ ಮೀಟರ್ ಮೇಲೆ 74 ಯೂನಿಟ್ ಓಡುತ್ತದೆ, ಬದಲಾವಣೆಯಲ್ಲಿ ಹತ್ತರಲ್ಲೊಂದು ಪಾಲು ಸೋರಿ ಬ್ಯಾಟರಿಗೆ ಸೇರುವುದು ಸುಮಾರು 67.

ಇನ್ನು ಡಿಸಿ. ಫೋರ್ಡ್ 180 ಕಿಲೋವ್ಯಾಟ್‌ವರೆಗೆ, ಮರ್ಸಿಡಿಸ್ 115ರವರೆಗೆ. "180 ಎಲ್ಲಿ, 115 ಎಲ್ಲಿ" ಎಂದು ಫೋರ್ಡಿನವರು ಎದೆ ಉಬ್ಬಿಸಬಹುದು. ತುಸು ತಾಳಿ. 10ರಿಂದ 80 ಪರ್ಸೆಂಟ್ ತುಂಬಲು ಫೋರ್ಡ್ ಹೇಳುವುದು ಸುಮಾರು 28 ನಿಮಿಷ, ಮರ್ಸಿಡಿಸ್ ಹೇಳುವುದು ಸುಮಾರು 42 ನಿಮಿಷ. 89ರಲ್ಲಿ 70 ಪರ್ಸೆಂಟ್ ಅಂದರೆ 62 ಯೂನಿಟ್. ಅದನ್ನು 28 ನಿಮಿಷದಲ್ಲಿ ತುಂಬಿದರೆ ಸರಾಸರಿ 133 ಕಿಲೋವ್ಯಾಟ್. 113ರಲ್ಲಿ 70 ಪರ್ಸೆಂಟ್ 79 ಯೂನಿಟ್, 42 ನಿಮಿಷಕ್ಕೆ ಸರಾಸರಿ 113 ಕಿಲೋವ್ಯಾಟ್. ಫೋರ್ಡ್ 180ರ ಶಿಖರ ಮುಟ್ಟಿ ಇಳಿಯುತ್ತದೆ. ಮರ್ಸಿಡಿಸ್ ತನ್ನ 115ರ ಹತ್ತಿರವೇ ಕೊನೆತನಕ ನಿಂತಿರುತ್ತದೆ. ನಿಮಿಷಕ್ಕೆ ಇಳಿಯುವುದು ಒಂದಕ್ಕೆ 2.2 ಯೂನಿಟ್, ಇನ್ನೊಂದಕ್ಕೆ 1.9. ಜಾಹೀರಾತಿನಲ್ಲಿ ಒಂದೂವರೆ ಪಟ್ಟು ಕಾಣುವ ವ್ಯತ್ಯಾಸ ಚಾರ್ಜರಿನ ಮುಂದೆ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗರಿಷ್ಠ ವೇಗ ಕೇಳಬೇಡಿ, 10ರಿಂದ 80ಕ್ಕೆ ಎಷ್ಟು ನಿಮಿಷ, ಎಷ್ಟು ಯೂನಿಟ್ ಎಂದು ಕೇಳಿ.

ಇವೆಲ್ಲವನ್ನೂ ಒಂದು ದುಡಿಮೆಯ ದಿನಕ್ಕೆ ಹಾಕಿ ನೋಡೋಣ. ಬರ್ಮಿಂಗ್‌ಹ್ಯಾಮ್‌ನಲ್ಲಿ ಶನಿವಾರ ಮದುವೆ, ಭಾನುವಾರ ಬೀಗರೂಟ. ಎರಡೂ ದಿನ ಲಂಡನ್ನಿನಿಂದ ಅಡುಗೆ ಹೋಗಬೇಕು. ಹೋಗಲು 120 ಮೈಲಿ, ಬರಲು 120. ಯೂನಿಟ್ಟಿಗೆ 2 ಮೈಲಿಯಂತೆ ದಿನಕ್ಕೆ 120 ಯೂನಿಟ್. ಬ್ಯಾಟರಿಯಲ್ಲಿ ಹತ್ತು ಪರ್ಸೆಂಟ್ ಉಳಿಸಿಕೊಂಡು ಮನೆ ಸೇರಬೇಕು ಎಂದಿಟ್ಟುಕೊಳ್ಳಿ.

ಶನಿವಾರ ಎರಡೂ ಪೂರ್ತಿ ತುಂಬಿಕೊಂಡು ಹೊರಡುತ್ತವೆ. ಫೋರ್ಡ್ ಬರ್ಮಿಂಗ್‌ಹ್ಯಾಮ್ ತಲುಪುವಾಗ 29 ಯೂನಿಟ್ ಉಳಿದಿರುತ್ತದೆ, ಇನ್ನು 40 ಹಾಕಿಸಬೇಕು, ಸುಮಾರು 18 ನಿಮಿಷ. ಮರ್ಸಿಡಿಸ್‌ನಲ್ಲಿ 53 ಉಳಿದಿರುತ್ತದೆ, 18 ಸಾಕು, ಹತ್ತು ನಿಮಿಷದೊಳಗೆ ಮುಗಿಯಿತು. ಮೊದಲ ದಿನ ಮರ್ಸಿಡಿಸ್ ಗೆದ್ದಿತು, ಎಂಟು ನಿಮಿಷದಿಂದ.

ಶನಿವಾರ ರಾತ್ರಿ ಎರಡೂ ಮನೆಗೆ ಬಂದು ಅದೇ 7.4 ಕಿಲೋವ್ಯಾಟ್ ಪ್ಲಗ್ಗಿಗೆ ಸಿಕ್ಕಿಕೊಂಡವು. ಬೆಳಿಗ್ಗೆ ಫೋರ್ಡಿನಲ್ಲಿ 9 ಮತ್ತು 67 ಸೇರಿ 76 ಯೂನಿಟ್. ಮರ್ಸಿಡಿಸ್‌ನಲ್ಲಿ 11 ಮತ್ತು 67 ಸೇರಿ 78. ನೋಡಿದಿರಾ? ಬ್ಯಾಟರಿಗಳ ನಡುವೆ 24 ಯೂನಿಟ್ಟಿನ ಅಂತರ ಇದ್ದರೂ ಭಾನುವಾರ ಬೆಳಿಗ್ಗೆ ಉಳಿದದ್ದು ಎರಡೇ ಯೂನಿಟ್ಟಿನ ಅಂತರ. ಆ ದಿನ ಎರಡಕ್ಕೂ ದಾರಿಯಲ್ಲಿ ಬೇಕಾಗುವುದು ಅದೇ 53 ಯೂನಿಟ್. ಫೋರ್ಡಿಗೆ 24 ನಿಮಿಷ, ಮರ್ಸಿಡಿಸ್‌ಗೆ 28. ಎರಡನೇ ದಿನ ಗೆದ್ದದ್ದು ಫೋರ್ಡ್. ದೊಡ್ಡ ಬ್ಯಾಟರಿಗೆ ನೀವು ಕೊಟ್ಟ ಹಣ ಶನಿವಾರ ಸಂಜೆಗೇ ಮುಗಿದುಹೋಯಿತು, ಯಾಕೆಂದರೆ ಅದನ್ನು ಮತ್ತೆ ತುಂಬಿಸುವ ತಾಕತ್ತು ನಿಮ್ಮ ಮನೆಯ ಕರೆಂಟಿಗೆ ಇಲ್ಲ.

ಮರ್ಸಿಡಿಸ್‌ಗೆ ಅನ್ಯಾಯ ಆಗಬಾರದು, ಅದೇ ಪ್ರಯಾಣವನ್ನು ಜನವರಿಗೆ ಹಾಕಿ. ಯೂನಿಟ್ಟಿಗೆ 1.6 ಮೈಲಿಯಂತೆ ಒಂದು ದಿಕ್ಕಿಗೇ 75 ಯೂನಿಟ್. ತುಂಬಿ ಹೊರಟ ಫೋರ್ಡ್ ತಲುಪುವಾಗ 14 ಉಳಿದಿರುತ್ತದೆ, ವಾಪಸ್ಸಿಗೆ 84 ಬೇಕು, ಅಂದರೆ 94 ಪರ್ಸೆಂಟ್‌ವರೆಗೆ ತುಂಬಿಸಬೇಕು. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ. ಅಲ್ಲೇ ಕಾಯುವ ಬದಲು ಬರುವ ದಾರಿಯಲ್ಲಿ ಇನ್ನೊಂದು ಕಡೆ ನಿಲ್ಲಿಸುವುದೇ ವಾಸಿ. ಮರ್ಸಿಡಿಸ್‌ಗೆ 48 ಯೂನಿಟ್, 25 ನಿಮಿಷ, ಒಂದೇ ನಿಲುಗಡೆ. ವಾರಕ್ಕೊಮ್ಮೆ ಮಾತ್ರ ದೂರದೂರಿಗೆ ಹೋಗಿ, ಉಳಿದ ದಿನ ಹತ್ತಿರದಲ್ಲೇ ಓಡಾಡುವವರಿಗೆ ಈ ದೊಡ್ಡ ಬ್ಯಾಟರಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ವಾರವೆಲ್ಲ ರಾತ್ರಿ ಸ್ವಲ್ಪ ಸ್ವಲ್ಪವಾಗಿ ತುಂಬಿ, ದೂರದ ದಿನಕ್ಕೆ ಪೂರ್ತಿ ಸಿದ್ಧವಾಗಿರುತ್ತದೆ. ಮರ್ಸಿಡಿಸ್‌ನಲ್ಲಿರುವುದು ಲಿಥಿಯಂ-ಐರನ್-ಫಾಸ್ಫೇಟ್ ಬ್ಯಾಟರಿ. ಕೋಬಾಲ್ಟ್, ನಿಕಲ್ ಎರಡೂ ಇಲ್ಲ, 100 ಪರ್ಸೆಂಟ್ ತುಂಬಿಸಿಟ್ಟರೂ ಬೇಸರಿಸದ ಜಾತಿ. ಚಳಿಯಲ್ಲಿ ಮಾತ್ರ ಈ ಜಾತಿ ಚಾರ್ಜ್ ತೆಗೆದುಕೊಳ್ಳಲು ಸ್ವಲ್ಪ ಸೋಮಾರಿ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ, ನನ್ನ ಕಸುಬು ಅದೇ ಅಲ್ಲವೇ. ಎಲೆಕ್ಟ್ರಿಕ್ ಗಾಡಿ ಇರುವ ಮನೆಗಳಿಗೆಂದೇ ಇರುವ ರಾತ್ರಿ ದರದಲ್ಲಿ ಐದಾರು ಗಂಟೆ ಕಾಲ ಯೂನಿಟ್ಟಿಗೆ ಹತ್ತು ಪೆನ್ಸ್‌ಗಿಂತ ಕಡಿಮೆಗೆ ಕರೆಂಟು ಸಿಗುತ್ತದೆ. ರಸ್ತೆ ಬದಿಯ ವೇಗದ ಚಾರ್ಜರಿನಲ್ಲಿ 70 ಪೆನ್ಸ್ ದಾಟುವುದು ಮಾಮೂಲು. ಮನೆ ಕರೆಂಟಿಗೆ ವ್ಯಾಟ್ ತೆರಿಗೆ 5 ಪರ್ಸೆಂಟ್, ಬೀದಿ ಚಾರ್ಜರಿಗೆ 20. ಮನೆಯ ಅಗ್ಗದ ದರದಲ್ಲಿ ತುಂಬಿಸಿದರೆ ಮೈಲಿಗೆ ಐದು ಪೆನ್ಸ್ ಆಸುಪಾಸು. 75 ಪೆನ್ಸ್‌ನ ಚಾರ್ಜರಿನಲ್ಲಿ ಮೈಲಿಗೆ 37 ಪೆನ್ಸ್. ಗ್ಯಾಲನ್ನಿಗೆ 30 ಮೈಲಿ ಕೊಡುವ ಡೀಸೆಲ್ ವ್ಯಾನಿಗೆ ಲೀಟರ್ 1.40 ಪೌಂಡಿನಂತೆ ಹಿಡಿದರೂ ಮೈಲಿಗೆ 21 ಪೆನ್ಸ್ ಆಯಿತು. ಮನೆಯಲ್ಲಿ ತುಂಬಿಸುವವರಿಗೆ ಎಲೆಕ್ಟ್ರಿಕ್ ವ್ಯಾನ್ ಲಾಭ. ಬೀದಿಯಲ್ಲೇ ತುಂಬಿಸುವವರಿಗೆ ಅದು ಡೀಸೆಲ್‌ಗಿಂತ ದುಬಾರಿ. ಫೋರ್ಡೋ ಮರ್ಸಿಡಿಸೋ ಎಂಬುದರಿಂದ ಈ ಅಂತರ ಒಂದಿಷ್ಟೂ ಕುಗ್ಗುವುದಿಲ್ಲ.

ಅಗ್ಗದ ಆರು ಗಂಟೆಯಲ್ಲಿ 7.4ರ ಪ್ಲಗ್ ಬ್ಯಾಟರಿಗೆ ಸೇರಿಸುವುದು ಸುಮಾರು 40 ಯೂನಿಟ್, ಅಂದರೆ 80 ಮೈಲಿ. ಲಂಡನ್ ಒಳಗೇ ದಿನಸಿ ಹಾಕುವವರು, ಊಟದ ಡಬ್ಬಿ ಮುಟ್ಟಿಸುವವರು ದಿನಕ್ಕೆ ಇಷ್ಟು ಓಡುವುದೇ ಅಪರೂಪ. ಅಂಥವರಿಗೆ 68ರ ಫೋರ್ಡೋ 81ರ ಮರ್ಸಿಡಿಸೋ ಧಾರಾಳ ಸಾಕು. 113ಕ್ಕೆ ಹಣ ಸುರಿಯಬೇಡಿ.

ಆದರೆ ನಿಮ್ಮಲ್ಲಿ ಎಷ್ಟೋ ಜನರ ಮನೆ ಮುಂದೆ ಡ್ರೈವ್‌ವೇಯೇ ಇಲ್ಲ ಎಂಬುದು ನನಗೆ ಗೊತ್ತು. ಈಸ್ಟ್ ಹ್ಯಾಮ್‌ನ ಸಾಲುಮನೆಗಳಲ್ಲಿ ಇರುವವರಿಗೆ ವ್ಯಾನ್ ನಿಲ್ಲಿಸುವ ಜಾಗವೇ ದಿನದ ಜಗಳ. ಬೀದಿ ದೀಪದ ಕಂಬಕ್ಕೆ ಜೋಡಿಸಿದ ಚಾರ್ಜರ್ ಇದೆ ಎಂದರೆ ಅದು ಮನೆ ಚಾರ್ಜರಿಗಿಂತಲೂ ನಿಧಾನ, ದರವೂ ಬೀದಿಯದೇ. ಇಂಥವರಿಗಾಗಿಯೇ ಈ ಪತ್ರದ ಮುಖ್ಯ ಸಲಹೆ.

ಒಬ್ಬೊಬ್ಬರೇ ಶೋರೂಮಿಗೆ ಹೋಗಬೇಡಿ. ನಾಲ್ಕೈದು ಜನ ಸೇರಿ ಮೊದಲು ತ್ರೀ ಫೇಸ್ ಕರೆಂಟು ಇರುವ ಒಂದು ಜಾಗ ಹಿಡಿಯಿರಿ. ಕೈಗಾರಿಕಾ ವಸಾಹತಿನ ಸಣ್ಣ ಮಳಿಗೆ ಆಗಬಹುದು, ನಿಮ್ಮಲ್ಲೇ ಯಾರದೋ ಗೋಡೌನ್ ಆಗಬಹುದು. ಊರಿನಲ್ಲಿ ಚೀಟಿ ಹಾಕುತ್ತಿದ್ದಂತೆ ತಿಂಗಳಿಗೆ ಇಷ್ಟೆಂದು ಕೂಡಿಸಿ ಅಲ್ಲಿ 22 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ. ಕೆಲಸದ ಜಾಗದಲ್ಲಿ ಚಾರ್ಜರ್ ಹಾಕಿಸುವುದಕ್ಕೂ ಸರ್ಕಾರದ ಸಹಾಯಧನ ಇದೆ. ವ್ಯಾಪಾರದ ಕರೆಂಟಿನ ದರ ಮನೆಯ ರಾತ್ರಿ ದರದಷ್ಟು ಅಗ್ಗವಾಗಿರದು, ಆದರೂ ಬೀದಿ ದರಕ್ಕಿಂತ ಎಷ್ಟೋ ಕೆಳಗೆ.

ಜಾಗ ಸಿಕ್ಕಿದ ಮೇಲೆ ಯಾವ ವ್ಯಾನ್ ಎಂಬ ಪ್ರಶ್ನೆಗೆ ಬೆಲೆ ಬರುತ್ತದೆ. ತ್ರೀ ಫೇಸ್ ಇರುವಲ್ಲಿ 89ರ ಫೋರ್ಡ್ ಆರು ಗಂಟೆಯೊಳಗೆ ತುಂಬುತ್ತದೆ, 113ರ ಮರ್ಸಿಡಿಸ್‌ಗೆ ಹನ್ನೊಂದು ಹನ್ನೆರಡು ಗಂಟೆ. ಒಂದೇ ಚಾರ್ಜರಿನಲ್ಲಿ ಸಂಜೆಯಿಂದ ಬೆಳಗಿನೊಳಗೆ ಎರಡು ಫೋರ್ಡ್ ಒಂದಾದ ಮೇಲೊಂದು ತುಂಬಿಸಬಹುದು, ನಡುವೆ ಯಾರಾದರೂ ಎದ್ದು ವ್ಯಾನ್ ಬದಲಿಸಬೇಕು ಅಷ್ಟೆ. ಮರ್ಸಿಡಿಸ್ ಆದರೆ ಒಂದಕ್ಕೇ ರಾತ್ರಿ ಮುಗಿಯುತ್ತದೆ. ಹಂಚಿಕೊಂಡು ಬಳಸುವ ಗುಂಪಿಗೆ ನನ್ನ ಓಟು ಫೋರ್ಡಿಗೆ. ಮನೆಯಲ್ಲೇ ಪ್ಲಗ್ ಇದ್ದು, ವಾರಕ್ಕೊಮ್ಮೆ ದೂರ ಹೋಗುವ ಒಂಟಿ ವ್ಯಾಪಾರಿಗೆ ಮರ್ಸಿಡಿಸ್. ಬೆಂಗಳೂರಿನಲ್ಲಿ ಮರ್ಸಿಡಿಸ್‌ನ ದೊಡ್ಡ ಸಂಶೋಧನಾ ಕೇಂದ್ರವಿದೆ, ನಮ್ಮ ಹುಡುಗರು ಕೆಲಸ ಮಾಡುವ ಕಂಪನಿ ಎಂಬ ಅಭಿಮಾನ ಕೆಲವರಿಗೆ. ಫೋರ್ಡ್ ಟ್ರಾನ್ಸಿಟ್ 1965ರಿಂದ ಈ ದೇಶದ ಬೀದಿಯಲ್ಲಿದೆ, ಮೆಕ್ಯಾನಿಕ್ ಎಲ್ಲಿ ಬೇಕಾದರೂ ಸಿಗುತ್ತಾನೆ ಎಂಬ ಭರವಸೆ ಇನ್ನು ಕೆಲವರಿಗೆ. ಎರಡೂ ಇರಲಿ, ಲೆಕ್ಕದ ಹಾಳೆಯಲ್ಲಿ ಮಾತ್ರ ಅವಕ್ಕೆ ಕಾಲಂ ಕೊಡಬೇಡಿ.

ಸಣ್ಣಪುಟ್ಟ ಮಾತು ಕೆಲವಿವೆ. ಎರಡೂ ವ್ಯಾನಿನ ಚಾರ್ಜಿಂಗ್ ಬಾಯಿ ಮೂತಿಯಲ್ಲೇ ಇದೆ. ಕಾರಿಗೆಂದು ಮಾಡಿದ ಜಾಗದಲ್ಲಿ ಉದ್ದನೆಯ ವ್ಯಾನಿನ ಮೂತಿ ತೂರಿಸಿ ನಿಲ್ಲಿಸಲು ಇದು ಅನುಕೂಲ. ಆದರೆ ಚಾರ್ಜರ್ ಇರುವ ಎಷ್ಟೋ ಕಾರ್ ಪಾರ್ಕುಗಳ ಬಾಗಿಲಲ್ಲಿ ಎತ್ತರದ ಅಡ್ಡಪಟ್ಟಿ ಇರುತ್ತದೆ, ದೊಡ್ಡ ವ್ಯಾನ್ ಒಳಗೇ ಹೋಗದು. ನಿಮ್ಮ ಮಾಮೂಲಿ ದಾರಿಯಲ್ಲಿ ವ್ಯಾನ್ ನುಗ್ಗಬಲ್ಲ ಚಾರ್ಜರುಗಳನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಬ್ಯಾಟರಿ ದೊಡ್ಡದಾದಷ್ಟೂ ಹೊರೆ ಹೇರುವ ತೂಕ ಕಡಿಮೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಸಾಮಾನ್ಯ ಕಾರ್ ಲೈಸೆನ್ಸಿನಲ್ಲೇ 4.25 ಟನ್‌ವರೆಗಿನ ಎಲೆಕ್ಟ್ರಿಕ್ ವ್ಯಾನ್ ಓಡಿಸಲು ಬಿಡುತ್ತಾರೆ. ಅದಕ್ಕಿದ್ದ ಹೆಚ್ಚುವರಿ ತರಬೇತಿಯ ಷರತ್ತನ್ನು 2025ರ ಜೂನ್‌ನಲ್ಲಿ ತೆಗೆದಿದ್ದಾರೆ. ಬೆಳಿಗ್ಗೆ ಹೊರಡುವ ಮೊದಲು, ಪ್ಲಗ್ ತೆಗೆಯುವ ಮುನ್ನವೇ ಕ್ಯಾಬಿನ್ ಬೆಚ್ಚಗೆ ಮಾಡಿಕೊಳ್ಳಿ, ಆ ಕರೆಂಟು ಬ್ಯಾಟರಿಯಿಂದ ಹೋಗುವುದಿಲ್ಲ. ಅಡುಗೆಯವರಿಗೆ ಇನ್ನೊಂದು ಸುದ್ದಿ: ಇ-ಟ್ರಾನ್ಸಿಟ್‌ನಲ್ಲಿ 2.3 ಕಿಲೋವ್ಯಾಟ್‌ವರೆಗೆ ಕರೆಂಟು ಕೊಡುವ ಸಾಕೆಟ್ ಹಾಕಿಸಿಕೊಳ್ಳಬಹುದು. ಮಂಟಪದ ಹಿಂದೆ ನಿಲ್ಲಿಸಿ ಗ್ರೈಂಡರ್, ಮಿಕ್ಸಿ ಓಡಿಸಲು ಧಾರಾಳ. ಪೂರ್ತಿ ಬಳಸಿದರೆ ಗಂಟೆಗೆ ನಾಲ್ಕೈದು ಮೈಲಿ ಖರ್ಚಾಗುತ್ತದೆ ಎಂಬುದು ನೆನಪಿರಲಿ.

ನಾಳೆ ವಾಕ್ಸ್‌ಹಾಲ್ ಅಥವಾ ರೆನೋ ವ್ಯಾನ್ ಬಗ್ಗೆ ಯಾರಾದರೂ ಹೇಳಿದರೂ ಇದೇ ಲೆಕ್ಕದ ಹಾಳೆ ಮುಂದಿಟ್ಟುಕೊಳ್ಳಿ. ಇದರಲ್ಲಿ ನಾಲ್ಕೇ ಸಾಲು. ದಿನಕ್ಕೆ ಎಷ್ಟು ಮೈಲಿ ಓಡುತ್ತೀರಿ? ರಾತ್ರಿ ಎಷ್ಟು ಗಂಟೆ ವ್ಯಾನ್ ನಿಂತಿರುತ್ತದೆ? ನಿಂತ ಜಾಗದಲ್ಲಿ ಎಷ್ಟು ಕಿಲೋವ್ಯಾಟ್ ಸಿಗುತ್ತದೆ? ತಿಂಗಳಲ್ಲಿ ಎಷ್ಟು ದಿನ ನೂರು ಮೈಲಿ ದಾಟುತ್ತೀರಿ? ಮುಂದಿನ ಒಂದು ತಿಂಗಳು ಡೀಸೆಲ್ ವ್ಯಾನ್ ಓಡಿಸುತ್ತಲೇ ಈ ನಾಲ್ಕನ್ನೂ ಬರೆದಿಡಿ. ಬರೆದು ತನ್ನಿ, ಒಟ್ಟಿಗೆ ಕೂತು ಕೂಡಿಸೋಣ, ಯಾರ ಜೊತೆ ಯಾರು ಸೇರಿದರೆ ಒಂದು ಜಾಗದ ಬಾಡಿಗೆ ಗಿಟ್ಟುತ್ತದೆ ಎಂದು ನೋಡೋಣ. ಅಲ್ಲಿಯವರೆಗೆ ಶೋರೂಮಿನವರು ಎಷ್ಟೇ ಕರೆ ಮಾಡಲಿ, ಮುಂಗಡ ಮಾತ್ರ ಕೊಡಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ನಡುವಿನ ಒಬ್ಬ ಲೆಕ್ಕಿಗ